ಅರ್ಥಧಾರಿಯ ಮಾತು ವೂಫರಿಗೆ ಹೋದದ್ದು ಯಾಕೆ?

ಶಿರಸಿ ಹತ್ತಿರದ ಒಂದು ಹಳ್ಳಿ. ಆಷಾಢದ ಮಳೆ. ಮನೆಯ ಜಗುಲಿಯಲ್ಲಿ ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ನಾವು ಆರು ಮೈಕು ಇಟ್ಟಿದ್ದೆವು. ಹಾಡುವ ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಚಂಡೆಗೆ ಒಂದು, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳಿಗೆ ಮೂರು. ಕಾರವಾರದಲ್ಲಿರುವ ಗೆಳೆಯನ ಮನೆಯಲ್ಲಿ 5.1 ಹೋಂ ಥಿಯೇಟರ್ ಇದೆ: ಐದು ಸ್ಪೀಕರ್, ಜೊತೆಗೆ ತಗ್ಗಿನ ಸದ್ದಿಗೆ ಒಂದು ವೂಫರ್. ಆರು ಚಾನೆಲ್ಲನ್ನೂ ಬೇರೆ ಬೇರೆಯಾಗಿ ಅಲ್ಲಿಗೆ ಕಳಿಸಿದರೆ ಜಗುಲಿಯಲ್ಲೇ ಕೂತು ಕೇಳಿದ ಹಾಗಿರುತ್ತದೆ ಅನ್ನೋದು ನಮ್ಮ ಲೆಕ್ಕ. ಬೆಂಗಳೂರಿನಲ್ಲಿ ಮೊಬೈಲ್ ಹಿಡಿದು ಕೂತವರಿಗೆ ಅದೇ ಸ್ಟೀರಿಯೋ ಆಗಿ ಹೋಗುತ್ತದೆ.

ಪದ್ಯ ಮುಗಿಯಿತು. ಕೃಷ್ಣ ಮಾತಿಗೆ ತೊಡಗಿದ. ಐದು ನಿಮಿಷದೊಳಗೆ ಫೋನು ಶುರು. ಬೆಂಗಳೂರಿನವರು, ‘ಕೌರವನ ಸ್ವರ ಕೇಳಿಸ್ತದೆ, ಕೃಷ್ಣನ ಸ್ವರವೇ ಇಲ್ಲ’ ಅಂದರು. ಕಾರವಾರದ ಗೆಳೆಯನ ದೂರು ಬೇರೆ: ‘ಮಾರಾಯ, ಕೃಷ್ಣ ವೂಫರಿನೊಳಗೆ ಕೂತು ಗುಂಯ್‌ಗುಡ್ತಾ ಇದ್ದಾನೆ.’ ಜಗುಲಿಯಲ್ಲಿ ಮಾತ್ರ ಕೃಷ್ಣ ಸ್ಪಷ್ಟವಾಗಿಯೇ ಮಾತಾಡುತ್ತಿದ್ದ. ಮೈಕು, ಕೇಬಲ್, ಮಿಕ್ಸರ್ ಎಲ್ಲ ಸರಿ ಇತ್ತು. ನೆಟ್ಟೂ ಸರಿ ಇತ್ತು, ಮಳೆಗಾಲದಲ್ಲಿ ನಮ್ಮ ಕಡೆ ಅದೇ ಒಂದು ಆಶ್ಚರ್ಯ.

ತಪ್ಪು ನನ್ನದೇ. ಕೃಷ್ಣನ ಮೈಕು ನಾಲ್ಕನೇ ಚಾನೆಲ್ಲಿನಲ್ಲಿತ್ತು. ಕಂಪ್ಯೂಟರಿನಲ್ಲಿ ‘5.1’ ಅಂತ ಆರಿಸಿದ್ದು ನಾನು. ಆ ಆಯ್ಕೆಯ ಅರ್ಥ ಸುಮ್ನೆ ‘ಆರು ಚಾನೆಲ್’ ಅಂತ ಅಲ್ಲ. ಒಂದನೆಯದು ಎಡ, ಎರಡನೆಯದು ಬಲ, ಮೂರನೆಯದು ನಡು, ನಾಲ್ಕನೆಯದು ವೂಫರ್, ಐದು ಮತ್ತು ಆರು ಹಿಂದಿನ ಜೋಡಿ ಅಂತ ಅರ್ಥ. ವೂಫರ್ ಚಾನೆಲ್ ಎಂದರೆ ಸಿನೆಮಾದಲ್ಲಿ ಬಾಂಬು, ಗುಡುಗಿಗಾಗಿ ಇಟ್ಟ ಚಾನೆಲ್. ಅದರಲ್ಲಿ ಸುಮಾರು 120 ಹರ್ಟ್ಸ್‌ಗಿಂತ ಮೇಲಿನದ್ದನ್ನು ಕತ್ತರಿಸಿ ಹಾಕುತ್ತಾರೆ. ಗಂಡಸಿನ ಸ್ವರದ ಬುಡ ಅಷ್ಟರ ಆಸುಪಾಸಿನಲ್ಲಿರುತ್ತದೆ, ಮಾತಿನ ಅಕ್ಷರಗಳೆಲ್ಲ ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಕಾರವಾರದಲ್ಲಿ ಗುಂಯ್ ಮಾತ್ರ ಉಳಿಯಿತು. 5.1ನ್ನು ಸ್ಟೀರಿಯೋಗೆ ಇಳಿಸುವಾಗ ವೂಫರ್ ಚಾನೆಲ್ಲನ್ನು ಸಾಮಾನ್ಯವಾಗಿ ಪೂರ್ತಿ ಬಿಟ್ಟೇಬಿಡುತ್ತಾರೆ. ಬೆಂಗಳೂರಿಗೆ ಗುಂಯ್ ಕೂಡ ಸಿಗಲಿಲ್ಲ.

ತಮಾಷೆ ಏನೆಂದರೆ, ‘ನಾಲ್ಕನೆಯದು ವೂಫರ್’ ಅನ್ನುವುದೂ ಎಲ್ಲ ಕಡೆ ನಿಜವಲ್ಲ. ಅದು ವೇವ್ ಫೈಲಿನ ಕ್ರಮ. ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನಗಳಲ್ಲಿ ಕ್ರಮ ಬೇರೆ ಬೇರೆ. ಎಎಸಿಯಲ್ಲಿ ಮೊದಲು ಬರುವುದೇ ನಡುವಿನ ಚಾನೆಲ್, ವೂಫರ್ ಕೊನೆಗೆ. ವೋರ್ಬಿಸ್‌ನಲ್ಲಿ ಎಡ, ನಡು, ಬಲ, ಹಿಂದಿನೆರಡು, ಆಮೇಲೆ ವೂಫರ್. ಓಪಸ್ ಕೂಡ ಇದೇ ಕ್ರಮ ಹಿಡಿದಿದೆ. ನಡುವೆ ಯಾವುದೋ ಒಂದು ಸಾಫ್ಟ್‌ವೇರ್ ಕ್ರಮ ಬದಲಿಸಲು ಮರೆತರೆ ಯಾರೋ ಒಬ್ಬರು ವೂಫರಿಗೆ ಹೋಗಿ ಬೀಳುತ್ತಾರೆ.

ಈ ಗೋಜಲು ಮೊದಲಿಂದ ಇರಲಿಲ್ಲ. ತಂತಿಯ ಕಾಲದಲ್ಲಿ ಇದು ಸಮಸ್ಯೆಯೇ ಅಲ್ಲ. 1881ರಲ್ಲಿ ಪ್ಯಾರಿಸಿನ ವಿದ್ಯುತ್ ವಸ್ತುಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಅನ್ನುವವನು ಒಪೆರಾದ ರಂಗದ ಮುಂದೆ ಸಾಲಾಗಿ ಟೆಲಿಫೋನ್ ಮೈಕುಗಳನ್ನಿಟ್ಟ. ಪ್ರದರ್ಶನಕ್ಕೆ ಬಂದವರು ಎರಡು ಕಿವಿಗೆ ಎರಡು ರಿಸೀವರ್ ಹಿಡಿದು ಕೇಳಿದರು. ಹಾಡುವವರು ರಂಗದ ಮೇಲೆ ಓಡಾಡುವುದು ಕಿವಿಗೇ ಗೊತ್ತಾಗುತ್ತಿತ್ತಂತೆ. ರೇಡಿಯೋ ಕೂಡ ಹುಟ್ಟದ ಕಾಲ ಅದು! 1933ರ ಏಪ್ರಿಲ್‌ನಲ್ಲಿ ಬೆಲ್ ಲ್ಯಾಬ್ಸ್‌ನವರು ಇನ್ನೂ ದೊಡ್ಡದಾಗಿ ಮಾಡಿದರು. ವಾದ್ಯವೃಂದ ಇದ್ದದ್ದು ಫಿಲಡೆಲ್ಫಿಯಾದಲ್ಲಿ, ಕೇಳುವವರು ಇದ್ದದ್ದು ಸುಮಾರು 200 ಕಿ.ಮೀ. ದೂರದ ವಾಷಿಂಗ್ಟನ್ನಿನಲ್ಲಿ. ಮೂರು ಮೈಕು, ಮೂರು ಟೆಲಿಫೋನ್ ಲೈನು, ಮೂರು ಸ್ಪೀಕರ್. ವೃಂದದ ನಿರ್ದೇಶಕ ಸ್ಟೊಕೊವ್ಸ್ಕಿ ಆ ದಿನ ಕೋಲು ಹಿಡಿಯಲಿಲ್ಲ. ವಾಷಿಂಗ್ಟನ್ನಿನಲ್ಲಿ ಕೂತು ಧ್ವನಿಯ ಗುಂಡಿ ತಿರುಗಿಸುತ್ತಿದ್ದ.

ಈ ಎರಡೂ ಕಡೆ ತಂತಿಯೇ ಚಾನೆಲ್ಲಿನ ಹೆಸರು. ಎಡ ಮೈಕಿನ ತಂತಿ ಎಡ ಸ್ಪೀಕರಿಗೇ ಹೋಗುತ್ತದೆ. ಮೂರು ತಂತಿಯಲ್ಲಿ ಒಟ್ಟಿಗೆ ಹೊರಟ ಸದ್ದು ಒಟ್ಟಿಗೇ ತಲುಪುತ್ತದೆ. ಹೆಸರು, ಹೊತ್ತು ಎರಡೂ ಪುಕ್ಕಟೆ. ಸದ್ದನ್ನು ತುಂಡು ಮಾಡಿ ಪ್ಯಾಕೆಟ್ಟಿನಲ್ಲಿ ಕಟ್ಟಿ ಕಳಿಸಲು ಶುರು ಮಾಡಿದಾಗ ಎರಡೂ ಹೋಯಿತು.

1974ರಲ್ಲಿ ಡ್ಯಾನಿ ಕೋಹೆನ್ ಮತ್ತು ಜೊತೆಯವರು ಇಂಟರ್ನೆಟ್ಟಿನ ಅಜ್ಜನಾದ ಅರ್ಪಾನೆಟ್ ಮೇಲೆ ಮಾತು ಕಳಿಸಿ ನೋಡಿದರು. ಒಂದು ಪಾಠ ಆಗಲೇ ಸಿಕ್ಕಿತು. ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳುತ್ತ ಕೂತರೆ ಮಾತು ನಿಂತು ನಿಂತು ಬರುತ್ತದೆ. ಒಂದು ತುಣುಕು ಹೋದರೆ ಹೋಗಲಿ, ಮುಂದಿನದು ಹೊತ್ತಿಗೆ ಸರಿಯಾಗಿ ಬರಲಿ. ಇಂಟರ್ನೆಟ್ಟಿನಲ್ಲಿ ಪ್ಯಾಕೆಟ್ಟಿಗೆ ದಾರಿ ತೋರಿಸುವ ಐಪಿ ನಿಯಮವನ್ನು, ಕಳೆದದ್ದನ್ನು ಮತ್ತೆ ತರಿಸುವ ಟಿಸಿಪಿಯಿಂದ ಬೇರೆ ಮಾಡಲು, 1980ರಲ್ಲಿ ಹಾಗೆ ಮತ್ತೆ ತರಿಸದ ಯುಡಿಪಿ ಬರಲು ಮಾತಿನ ಜನರ ಈ ಹಟವೂ ಒಂದು ಕಾರಣ. ಆದರೆ ಯುಡಿಪಿಗೆ ಹೊತ್ತಿನ ಲೆಕ್ಕವೇ ಇಲ್ಲ. 1996ರಲ್ಲಿ ಬಂದ ಆರ್‌ಟಿಪಿ ಪ್ರತಿ ಪ್ಯಾಕೆಟ್ಟಿನ ಮೇಲೆ ಒಂದು ಕ್ರಮಸಂಖ್ಯೆ, ಒಂದು ಸಮಯದ ಮುದ್ರೆ ಒತ್ತಿತು. ಇವತ್ತಿಗೂ ನೇರಪ್ರಸಾರದ ಆಡಿಯೋ ಬಹಳಷ್ಟು ಕಡೆ ಅದರ ಮೇಲೆಯೇ ನಡೆಯುತ್ತದೆ.

ಈಗ ಎಲ್ಲರೂ ‘ಸ್ಪೀಡ್ ಎಷ್ಟಿದೆ’ ಅಂತಲೇ ಕೇಳುತ್ತಾರೆ. ಅದು ಅಷ್ಟು ದೊಡ್ಡ ವಿಷಯವಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಚಾನೆಲ್ಲಿಗೆ 1.152 ಎಂಬಿಪಿಎಸ್ ಬೇಕು, ಆರಕ್ಕೆ ಏಳು ಎಂಬಿಪಿಎಸ್‌ಗೆ ಸ್ವಲ್ಪ ಕಮ್ಮಿ. ಹಳ್ಳಿಯ ಫೈಬರ್ ಅದನ್ನು ಹಾಗೇ ಹೊರುತ್ತದೆ. ಓಪಸ್‌ನಲ್ಲಿ ಕುಗ್ಗಿಸಿದರೆ ಅದರ ಹತ್ತನೇ ಒಂದು ಭಾಗವೂ ಬೇಡ.

ಕಷ್ಟ ಇರುವುದು ಗಡಿಯಾರದಲ್ಲಿ. ಪ್ರತಿ ಸೌಂಡ್ ಕಾರ್ಡಿನೊಳಗೆ ಒಂದು ಹರಳು ತಾಳ ಹಾಕುತ್ತಿರುತ್ತದೆ. ಎರಡು ಹರಳು ಒಂದೇ ಸಮ ಇರುವುದಿಲ್ಲ. ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಗೆ 180 ಮಿಲಿಸೆಕೆಂಡ್ ದೂರವಾಗುತ್ತವೆ. ಎಂಟು ಗಂಟೆ ನಡೆಯುವ ಇಡೀ ರಾತ್ರಿಯ ಆಟಕ್ಕೆ ಲೆಕ್ಕ ಹಾಕಿ, ಹತ್ತಿರ ಹತ್ತಿರ ಒಂದೂವರೆ ಸೆಕೆಂಡ್. ಭಾಗವತರನ್ನು ಒಂದು ಕಾರ್ಡಿಗೆ, ಚಂಡೆಯನ್ನು ಇನ್ನೊಂದು ಕಾರ್ಡಿಗೆ ಹಾಕಿದರೆ ಸಂಜೆ ಸರಿ ಇದ್ದ ಹಿಮ್ಮೇಳ ಬೆಳಗಿನ ಜಾವದ ಹೊತ್ತಿಗೆ ಎರಡು ಊರಿನ ಹಿಮ್ಮೇಳ ಆಗಿರುತ್ತದೆ. ಕೇಳುವವರು ಬೈಯುವುದು ಚಂಡೆಯವರನ್ನು, ಪಾಪ.

ಸಭಾಂಗಣದ ಜನ ಇದನ್ನು ಬೇಗ ಅರಿತರು. 1996ರಲ್ಲಿ ಕೋಬ್ರಾನೆಟ್ ಈಥರ್‌ನೆಟ್ ಕೇಬಲ್ಲಿನ ಮೇಲೆ ಹತ್ತಾರು ಚಾನೆಲ್ ಓಡಿಸಿತು. 2006ರಲ್ಲಿ ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯ ಡಾಂಟೆ ಬಂತು. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಪೆಟ್ಟಿಗೆಯ ಜೊತೆ ಮಾತಾಡದೆ ಎಲ್ಲರೂ ಬೇಸತ್ತ ಮೇಲೆ, 2013ರಲ್ಲಿ ಎಇಎಸ್67 ಎಂಬ ಸಾಮಾನ್ಯ ನಿಯಮ. ಇದರಲ್ಲೆಲ್ಲ ನನಗೆ ಇಷ್ಟವಾದ ಭಾಗ ಪಿಟಿಪಿ, ಅಂದರೆ ಪೆಟ್ಟಿಗೆಗಳ ಗಡಿಯಾರ ಕೂಡಿಸುವ ನಿಯಮ. ನೆಟ್‌ವರ್ಕಿನಲ್ಲಿ ಒಂದು ಪೆಟ್ಟಿಗೆ ಭಾಗವತ ಆಗುತ್ತದೆ, ಉಳಿದವೆಲ್ಲ ಅದರ ತಾಳಕ್ಕೆ ತಮ್ಮ ಗಡಿಯಾರ ಕೂಡಿಸಿಕೊಳ್ಳುತ್ತವೆ. ಭಾಗವತರ ಪೆಟ್ಟಿಗೆಯ ಕರೆಂಟು ಹೋದರೆ ಇನ್ನೊಂದು ತಾಳ ಹಿಡಿಯುತ್ತದೆ.

ಆದರೆ ಇದು ಒಂದು ಕಟ್ಟಡದೊಳಗಿನ ಮಾತು. ಶಿರಸಿಯಿಂದ ಕಾರವಾರಕ್ಕೆ ಮಾಮೂಲಿ ಇಂಟರ್ನೆಟ್ಟಿನಲ್ಲಿ ಅಷ್ಟು ನಿಖರ ತಾಳ ಹೋಗುವುದಿಲ್ಲ. ಅದಕ್ಕೆ ನಾವು ಮಾಡುವುದು ಸುಲಭದ ಕೆಲಸ: ಆರೂ ಮೈಕು ಒಂದೇ ಕಾರ್ಡಿಗೆ, ಆರೂ ಚಾನೆಲ್ ಒಂದೇ ಸ್ಟ್ರೀಮಿಗೆ. ಪ್ಯಾಕೆಟ್ ಕಳೆದರೆ ಆರೂ ಒಟ್ಟಿಗೆ ಕಳೆಯುತ್ತವೆ, ಬಂದರೆ ಆರೂ ಒಟ್ಟಿಗೆ ಬರುತ್ತವೆ. ಜಗಳವೇ ಇಲ್ಲ.

2020ರ ಲಾಕ್‌ಡೌನ್‌ನಲ್ಲಿ ಇನ್ನೊಂದು ಪಾಠ ಆಯಿತು. ಅರ್ಥಧಾರಿ ಕಾರವಾರದಲ್ಲಿ, ಹಿಮ್ಮೇಳ ಶಿರಸಿಯಲ್ಲಿ. ಇದು ನಡೆಯಿತು. ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗೆ ತಡವಾದರೂ ತೊಂದರೆ ಇಲ್ಲ ಅಂತ ಟೆಲಿಫೋನಿನವರ ಹಳೆಯ ಲೆಕ್ಕ. ಕೃಷ್ಣ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟ ಹಾಗೆ ಕಾಣುತ್ತದೆ, ಅಷ್ಟೇ. ಆದರೆ ಭಾಗವತರು ಒಂದು ಕಡೆ, ಮದ್ದಳೆ ಇನ್ನೊಂದು ಕಡೆ ಇಟ್ಟು ನೋಡಿದೆವು. ಎರಡು ನಿಮಿಷದಲ್ಲಿ ತಾಳ ಎಳೆಯಲು ಶುರು. ಅವರು ಇವರಿಗೆ ಕಾಯುತ್ತಾರೆ, ಇವರು ಅವರಿಗೆ ಕಾಯುತ್ತಾರೆ. ಒಟ್ಟಿಗೆ ನುಡಿಸಲು ತಡ ಸುಮಾರು 25-30 ಮಿಲಿಸೆಕೆಂಡ್ ದಾಟಬಾರದು. ಗಾಳಿಯಲ್ಲಿ ಸದ್ದು ಒಂದು ಮೀಟರಿಗೆ ಹೆಚ್ಚುಕಮ್ಮಿ 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಹತ್ತು ಮೀಟರ್ ದೂರ ಕೂತು ನುಡಿಸಿದ ಹಾಗೆ. ಅದಕ್ಕಿಂತ ದೂರ ಕೂರಿಸಿದರೆ ಯಾವ ಮದ್ದಳೆಯವರೂ ಒಪ್ಪುವುದಿಲ್ಲ, ಅಲ್ವಾ?

ಫೈಬರಿನಲ್ಲಿ ಬೆಳಕು ಶಿರಸಿ-ಕಾರವಾರದ ದೂರವನ್ನು ಒಂದು ಮಿಲಿಸೆಕೆಂಡಿನೊಳಗೆ ದಾಟುತ್ತದೆ. ತಡ ಆಗುವುದು ದೂರದಿಂದ ಅಲ್ಲ. ಓಪಸ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡು ಕಟ್ಟಲು ಕಾಯುತ್ತದೆ. ವೈಫೈ ಪ್ಯಾಕೆಟ್ಟುಗಳನ್ನು ಹಿಂದೆ ಮುಂದೆ ಮಾಡುತ್ತದೆ. ಅದನ್ನು ಸರಿಪಡಿಸಲು ಆ ಕಡೆಯ ಬಫರ್, ಅಂದರೆ ಬಂದ ತುಂಡುಗಳನ್ನು ಕೂಡಿಟ್ಟುಕೊಳ್ಳುವ ಜಾಗ, ಇನ್ನಷ್ಟು ಕಾಯುತ್ತದೆ. ಪ್ಯಾಕೆಟ್ಟೂ ನೇರ ಘಟ್ಟ ಇಳಿಯದೆ ದೂರದ ದೊಡ್ಡ ಊರು ಸುತ್ತಿ ಬಂದೀತು. ಓಪಸ್‌ನ ತುಂಡನ್ನು 2.5 ಮಿಲಿಸೆಕೆಂಡಿಗೆ ಇಳಿಸಬಹುದು, ವೈಫೈ ಬಿಟ್ಟು ಕೇಬಲ್ ಹಾಕಬಹುದು. ಜಾಕ್‌ಟ್ರಿಪ್, ಜಮುಲಸ್ ಥರದ ಸಾಫ್ಟ್‌ವೇರ್ ಇರುವುದೇ ಇದಕ್ಕಾಗಿ. ಸುತ್ತುದಾರಿಗೆ ಮಾತ್ರ ನಮ್ಮ ಕೈಯಲ್ಲಿ ಮದ್ದಿಲ್ಲ.

ವಿಡಿಯೋ ಕಾಲ್ ಆ್ಯಪಿನಲ್ಲೇ ಯಕ್ಷಗಾನ ಕಳಿಸಲು ಹೋದವರಿಗೆ ಇನ್ನೊಂದು ಅನುಭವ ಆಗಿರುತ್ತದೆ. ಚಂಡೆ ಕೇಳಿಸುವುದೇ ಇಲ್ಲ! ಆ ಆ್ಯಪುಗಳು ಮಾತಿಗಾಗಿ ಮಾಡಿದವು. ಚಂಡೆಯ ಪೆಟ್ಟು ಅವಕ್ಕೆ ಗದ್ದಲ, ಒರೆಸಿ ಹಾಕುತ್ತವೆ. ಗದ್ದಲ ತೆಗೆಯುವುದು, ಪ್ರತಿಧ್ವನಿ ತೆಗೆಯುವುದು, ಧ್ವನಿ ತಾನೇ ಏರಿಸಿ ಇಳಿಸುವುದು, ಮೂರನ್ನೂ ಬಂದ್ ಮಾಡಬೇಕು. ಬ್ರೌಸರ್‌ಗಳ ವೆಬ್‌ಆರ್‌ಟಿಸಿಯಲ್ಲಿ (ಬ್ರೌಸರಿನಲ್ಲೇ ನೇರ ಮಾತುಕತೆ ನಡೆಸುವ ವ್ಯವಸ್ಥೆ) ಓಪಸ್‌ಗೆ ನಿಯಮದ ಪ್ರಕಾರ ಇರುವುದು ಮೋನೋ ಅಥವಾ ಸ್ಟೀರಿಯೋ ಮಾತ್ರ. ಸ್ಟೀರಿಯೋ ಕೂಡ ಕೇಳಿ ಪಡೆಯಬೇಕು. ಆರು ಚಾನೆಲ್ ಬೇಕಿದ್ದರೆ ಆ ದಾರಿ ಸರಿಯಲ್ಲ.

ಈಗ ನಮ್ಮಲ್ಲಿ ‘5.1’ ಅನ್ನುವ ಆಯ್ಕೆಯನ್ನು ಯಾರೂ ಮುಟ್ಟುವುದಿಲ್ಲ. ಓಪಸ್‌ನಲ್ಲಿ ಚಾನೆಲ್‌ಗಳಿಗೆ ಎಡ, ಬಲ, ವೂಫರ್ ಅಂತ ಯಾವ ಹೆಸರೂ ಹಚ್ಚದೆ ಬಿಡಿಬಿಡಿಯಾಗಿ ಕಳಿಸುವ ಕ್ರಮ ಒಂದಿದೆ, ಅದನ್ನು ಹಾಕುತ್ತೇವೆ. ಯಾವುದು ಯಾವ ಸ್ಪೀಕರಿಗೆ ಅನ್ನುವುದನ್ನು ಕಾರವಾರದಲ್ಲಿ ಗೆಳೆಯ ತೀರ್ಮಾನಿಸುತ್ತಾನೆ. ಬೆಂಗಳೂರಿಗೆ ಹೋಗುವ ಸ್ಟೀರಿಯೋವನ್ನು ಇಲ್ಲೇ ಮಿಕ್ಸರಿನಲ್ಲಿ ಬೇರೆಯಾಗಿ ಮಾಡುತ್ತೇವೆ. ಶುರುವಿಗೆ ಮೊದಲು ಪ್ರತಿಯೊಬ್ಬರೂ ತಮ್ಮ ಮೈಕಿಗೆ ಒಮ್ಮೆ ತಟ್ಟಿ ಹೆಸರು ಹೇಳಬೇಕು. ಗೆಳೆಯ ಫೋನಿನಲ್ಲಿ ‘ಎಡ’, ‘ಹಿಂದೆ ಬಲ’ ಅನ್ನುತ್ತ ಹೋಗುತ್ತಾನೆ.

ಅವತ್ತಿನ ಕೃಷ್ಣ ಮೊನ್ನೆ ಮತ್ತೆ ಬಂದಿದ್ದರು. ಕವಳ ಹಾಕಿಕೊಂಡು ಕೂತು, ಮೈಕನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ ಕೇಳಿದರು: ‘ತಮ್ಮಾ, ಇದು ನಾಲ್ಕನೇದಲ್ಲ ಅಲ್ವಾ?’