ಮೆಂತ್ಯದ ನೀರು ಕುಡಿದು ಕಾಳು ಎಸೆಯಬೇಡಿ

ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ ಗೊತ್ತಾದ ಕೂಡಲೇ ತುಂಬಾ ಜನ ಮೆಂತ್ಯ ನೆನೆಸಿದ ನೀರು ಕುಡಿಯಲು ಶುರು ಮಾಡುತ್ತಾರೆ. "ಕಾಳು ಏನು ಮಾಡ್ತೀರಿ?" ಅಂತ ಕೇಳಿದರೆ, "ಎಸೀತೀವಿ ಡಾಕ್ಟ್ರೇ" ಅನ್ನುತ್ತಾರೆ. ಬೇಕಾದದ್ದರಲ್ಲಿ ಬಹುಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ.

ಮೆಂತ್ಯ ರಕ್ತದೊಳಗೆ ಹೋಗಿ ಕೊಬ್ಬು ಕರಗಿಸುವುದಿಲ್ಲ. ಅದರ ಮುಖ್ಯ ಕೆಲಸ ನಡೆಯುವುದು ಕರುಳಿನಲ್ಲಿ. ನಮ್ಮ ಲಿವರ್ ಕೊಲೆಸ್ಟ್ರಾಲ್ ಬಳಸಿ ಪಿತ್ತಾಮ್ಲ ತಯಾರಿಸುತ್ತದೆ, ಕೊಬ್ಬು ಜೀರ್ಣವಾಗಲು ಅದು ಬೇಕು. ಕೆಲಸ ಮುಗಿದ ಮೇಲೆ ಸುಮಾರು ಶೇ. 95ರಷ್ಟು ಪಿತ್ತಾಮ್ಲ ಸಣ್ಣ ಕರುಳಿನ ಕೊನೆಯಿಂದ ಲಿವರ್‌ಗೆ ವಾಪಸ್ ಹೋಗುತ್ತದೆ. ಮೆಂತ್ಯ ಅಡ್ಡ ಬರುವುದು ಇಲ್ಲೇ. ನೆನೆದ ಕಾಳು ಲೋಳೆಯಾಗುತ್ತದಲ್ವಾ, ಅದು ಗ್ಯಾಲಕ್ಟೋಮ್ಯಾನನ್ ಎಂಬ ಕರಗುವ ನಾರು. ಜೊತೆಗೆ ಸೋಪಿನ ಹಾಗೆ ನೊರೆ ಬರಿಸುವ ಸ್ಯಾಪೋನಿನ್‌ಗಳಿವೆ. ಇವೆರಡೂ ಸೇರಿ ಪಿತ್ತಾಮ್ಲವನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತವೆ, ಊಟದ ಕೊಲೆಸ್ಟ್ರಾಲ್ ಹೀರಿಕೆಯನ್ನೂ ತಗ್ಗಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಪಿತ್ತಾಮ್ಲ ವಾಪಸ್ ಬರದಿದ್ದರೆ ಲಿವರ್ ಹೊಸದು ಮಾಡಲೇಬೇಕು, ಅದಕ್ಕೆ ಬೇಕಾದ ಕೊಲೆಸ್ಟ್ರಾಲ್‌ಗಾಗಿ ತನ್ನ ಎಲ್‌ಡಿಎಲ್ ರಿಸೆಪ್ಟರ್‌ಗಳನ್ನು (ಎಲ್‌ಡಿಎಲ್ ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಅದನ್ನು ಹಿಡಿಯುವ ಕೊಂಡಿಗಳು ಇವು) ಹೆಚ್ಚಿಸಿಕೊಂಡು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ಕೊಲೆಸ್ಟೈರಮೀನ್ ಎಂಬ ಹಳೆಯ ಔಷಧಿಯ ದಾರಿಯೂ ಇದೇ.

ಆದರೆ ಎಷ್ಟು ತಿಂದರೆ? 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ ಕೊಟ್ಟಿದ್ದರು. ಎಲ್‌ಡಿಎಲ್ ಇಳಿಯಿತು, ಹೌದು. ಅಷ್ಟು ಯಾರು ತಿನ್ನುತ್ತಾರೆ! ಕಡಿಮೆ ಪ್ರಮಾಣದಲ್ಲೂ ಲಾಭ ಕಂಡ ಅಧ್ಯಯನಗಳಿವೆ, ಆದರೆ ಹೆಚ್ಚಿನವು ಚಿಕ್ಕವು. ಹಾಗಾಗಿ ಒಂದು ಚಮಚದಿಂದ ದೊಡ್ಡ ಇಳಿಕೆ ನಿರೀಕ್ಷಿಸಬೇಡಿ. ತಿನ್ನುವುದಾದರೆ ನೆನೆಸಿ ಅಗಿದು ತಿನ್ನಿ, ಇಲ್ಲವೇ ಪುಡಿ ಮಾಡಿ. ಇಡೀ ಕಾಳು ಹಾಗೇ ನುಂಗಿದರೆ ಅದು ಹಾಗೇ ಹೊರಗೆ ಹೋಗಬಹುದು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಅದನ್ನು ನಿಲ್ಲಿಸಬೇಡಿ. ಅದು ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನೇ ತಡೆಯುತ್ತದೆ, ಮೆಂತ್ಯ ಆ ಜಾಗ ತುಂಬುವುದಿಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ವೈದ್ಯರಿಗೆ ಹೇಳಿಯೇ ಶುರು ಮಾಡಿ, ಶುಗರ್ ತೀರಾ ಇಳಿಯಬಹುದು, ರಕ್ತ ಇನ್ನೂ ತೆಳುವಾಗಬಹುದು. ಗರ್ಭಿಣಿಯರು ಔಷಧಿಯಂತೆ ಜಾಸ್ತಿ ತೆಗೆದುಕೊಳ್ಳುವುದು ಬೇಡ. ಕಡಲೆಕಾಯಿ ಅಲರ್ಜಿ ಇರುವವರೂ ಹುಷಾರು, ಎರಡೂ ಒಂದೇ ಕುಟುಂಬದ ಗಿಡಗಳು.