ಜೋರಾಗಿ ಬಾರಿಸಿದರೆ ಸರಿಹೋಗುತ್ತಿತ್ತು

"ಕಾಕಾ, ಬಾರಿಸ್ಕೋಂತ ಕುಂತಾಗ ಆವಾಜ ಟಕ್ಕನ ಇಳೀತೈತಿ. ಪೂರ್ತಿ ಬಂದ್ ಆಗೂದಿಲ್ಲ, ಸಣ್ಣ ಆಗ್ತೈತಿ ಅಷ್ಟ. ಜೋರಾಗಿ ಒಮ್ಮೆ ತಂತಿ ಹೊಡದ್ರ ಮತ್ತ ಬರ್ತೈತಿ ನೋಡ್ರಿ."

ಮಳೆಗಾಲ ಮುಗಿಯುತ್ತಾ ಬಂದಿತ್ತು. ಹುಬ್ಬಳ್ಳಿಯ ಕೇಶ್ವಾಪುರದಿಂದ ಅಣ್ಣನ ಮಗ ಧಾರವಾಡಕ್ಕೆ ಫೋನ್ ಮಾಡಿ ಹೇಳಿದ್ದು ಇಷ್ಟು. ಅವನ ಹತ್ತಿರ 50 ವ್ಯಾಟಿನ ವಾಲ್ವ್ ಗಿಟಾರ್ ಆಂಪ್ ಇದೆ, ಅಂದರೆ ಗಿಟಾರಿನ ಆವಾಜ ದೊಡ್ಡದು ಮಾಡುವ ಪೆಟ್ಟಿಗೆ. ಸ್ಪೀಕರ್ ಅದೇ ಪೆಟ್ಟಿಗೆಯೊಳಗೆ. ಯಾರೋ ವಾಲ್ವ್ ಹೋಗಿದೆ ಎಂದಿದ್ದಕ್ಕೆ ಇವನು ಹೊಸ ವಾಲ್ವ್ ತರಿಸಿ ಹಾಕಿದ್ದ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಮತ್ತೆ ಅದೇ ಗೋಳು.

ಬಂದು ಹೋಗುವ ದೋಷ ಹುಡುಕುವುದು ಕಷ್ಟ. ರಿಪೇರಿಗೆ ಕೂತಾಗ ಅದು ಇರುವುದೇ ಇಲ್ಲ. ಆಗ ಬಿಡಿಭಾಗ ಬದಲಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ದೋಷ ಅಲ್ಲೇ ಇರುತ್ತದೆ. ಅದರ ಬದಲು ಅದು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಗಮನಿಸಬೇಕು. ಹುಡುಗ ಅದನ್ನೇ ಮಾಡಿದ್ದ. ಟಕ್ಕನೆ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ, ಜೋರಾಗಿ ಹೊಡೆದರೆ ಮರಳುತ್ತದೆ. ಉತ್ತರ ಈ ಮೂರು ಮಾತಿನಲ್ಲೇ ಇತ್ತು.

ಮೊದಲು ವಾಲ್ವಿನ ವಿಷಯ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ನಮ್ಮ ಕಡೆ ಮನೆಗಳಲ್ಲಿದ್ದದ್ದು ವಾಲ್ವ್ ರೇಡಿಯೊಗಳೇ. ಗುಂಡಿ ಒತ್ತಿದ ಕೂಡಲೇ ಅವು ಮಾತಾಡುತ್ತಿರಲಿಲ್ಲ. ಗಾಜಿನ ಬುರುಡೆಯೊಳಗಿನ ಹೀಟರ್ ಕೆಂಪಗೆ ಕಾಯಬೇಕು, ಅದರ ಸುತ್ತಲಿನ ಕ್ಯಾಥೋಡ್ ಬಿಸಿಯಾಗಬೇಕು. ಬಿಸಿಯಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬರುತ್ತವೆ. ಎದುರಿಗಿರುವ ಪ್ಲೇಟಿನ ಮೇಲೆ ನೂರಾರು ವೋಲ್ಟ್ ಇರುವುದರಿಂದ ಅವು ಅತ್ತ ಓಡುತ್ತವೆ. ಮಧ್ಯೆ ತಂತಿಯ ಜಾಲರಿಯೊಂದಿದೆ. ಅದೇ ಗ್ರಿಡ್. ಗಿಟಾರಿನ ಪುಟ್ಟ ಸಂಕೇತ ಗ್ರಿಡ್ಡಿನ ಮೇಲೆ ಕೂತು, ಹೊಲದ ಕಾಲುವೆಗೆ ಹಾಕಿದ ತೂಬಿನಂತೆ, ಆ ದೊಡ್ಡ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಗಿಟಾರ್ ಆಂಪುಗಳಲ್ಲಿ ಎಲ್ಲೆಡೆ ಕಾಣುವ ಪುಟ್ಟ ವಾಲ್ವ್ 12ಎಎಕ್ಸ್7. ಒಂದೇ ಬುರುಡೆಯಲ್ಲಿ ಎರಡು ವಾಲ್ವ್ ಇರುವಂಥದ್ದು. ಒಂದೊಂದರ ವರ್ಧನಾಂಕ, ಅಂದರೆ ಸಂಕೇತವನ್ನು ದೊಡ್ಡದು ಮಾಡುವ ಅಳತೆ, ಸುಮಾರು 100.

ಈಗ ಮೊದಲ ಸುಳಿವು ನೋಡಿ. ಹೀಟರಿನ ಸಂಪರ್ಕ ಸಡಿಲವಾಗಿದ್ದರೆ ಆವಾಜ ಟಕ್ಕನೆ ಇಳಿಯಲು ಸಾಧ್ಯವಿಲ್ಲ. ಕರೆಂಟ್ ತಪ್ಪಿದರೂ ಕ್ಯಾಥೋಡ್ ಆರಲು ಹಲವು ಸೆಕೆಂಡು ಬೇಕು. ಒಲೆ ಆರಿಸಿದ ಮೇಲೂ ಹಂಚು ಬಿಸಿ ಇರುತ್ತದಲ್ವಾ, ಹಾಗೆ. ಆವಾಜ ಮೆಲ್ಲಗೆ ಕರಗುತ್ತಾ ಹೋಗುತ್ತಿತ್ತು. ಟಕ್ಕನೆ ಇಳಿದಿದೆ ಎಂದರೆ ಸಂಕೇತ ಹೋಗುವ ದಾರಿಯಲ್ಲೇ ಎಲ್ಲೋ ಕೊಂಡಿ ಕಳಚುತ್ತಿದೆ.

ಎರಡನೆಯದು, ಎಷ್ಟು ಇಳಿಯಿತು ಎಂಬ ಪ್ರಶ್ನೆ. ನಮ್ಮ ಕಿವಿಯ ಲೆಕ್ಕವೇ ಬೇರೆ. 50 ವ್ಯಾಟ್ 25ಕ್ಕೆ ಇಳಿದರೆ ವ್ಯತ್ಯಾಸ ಬರೀ 3 ಡೆಸಿಬೆಲ್. ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು, ಅಷ್ಟೇ. ಆವಾಜ ಅರ್ಧವಾಯಿತು ಎಂದು ಕಿವಿಗೆ ಅನಿಸಬೇಕಾದರೆ ಶಕ್ತಿ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಬೇಕು. ಹುಡುಗನ ಆಂಪಿನಲ್ಲಿ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ಅದೂ ತೆಳ್ಳಗೆ, ಮಂದ್ರ ಸ್ವರಗಳೇ ಇಲ್ಲದ ಹಾಗೆ. ಇಷ್ಟು ದೊಡ್ಡ ಇಳಿತ ಪವರ್ ವಾಲ್ವ್, ಅಂದರೆ ಕೊನೆಗೆ ಸ್ಪೀಕರಿಗೆ ಶಕ್ತಿ ಕೊಡುವ ದೊಡ್ಡ ವಾಲ್ವ್, ಸವೆದು ಬರುವ ಬಗೆಯದಲ್ಲ.

ಮೂರನೆಯ ಸುಳಿವು ನನಗೆ ಬಹಳ ಇಷ್ಟವಾದದ್ದು. ಜೋರಾಗಿ ಹೊಡೆದರೆ ಯಾಕೆ ಸರಿಹೋಗಬೇಕು?

ಎರಡು ಲೋಹದ ಪಟ್ಟಿಗಳು ಒಂದಕ್ಕೊಂದು ತಾಗಿವೆ ಎಂದುಕೊಳ್ಳಿ. ಕಣ್ಣಿಗೆ ಪೂರ್ತಿ ತಾಗಿದಂತೆ ಕಂಡರೂ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಗುಡ್ಡಗಾಡು. ಅಲ್ಲೊಂದು ಇಲ್ಲೊಂದು ತುದಿ ಮಾತ್ರ ಮುಟ್ಟಿರುತ್ತವೆ. ಆ ತುದಿಗಳ ಮೇಲೆ ಕಾಲಕ್ರಮೇಣ ಪೊರೆ ಕಟ್ಟುತ್ತದೆ. ಬೆಳ್ಳಿಯಾದರೆ ಗಾಳಿಯಲ್ಲಿನ ಗಂಧಕದ ಅನಿಲದಿಂದ ಕಪ್ಪು ಸಲ್ಫೈಡ್, ನಿಕ್ಕೆಲ್ ಅಥವಾ ತವರವಾದರೆ ಆಕ್ಸೈಡ್. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ತೇವ ಇದ್ದರೆ ಈ ಕೆಲಸ ಇನ್ನೂ ಬೇಗ. ಜೂನ್‌ನಿಂದ ಹಿಡಿದ ಜಿಟಿಜಿಟಿ ಮಳೆಯಲ್ಲಿ ಆ ಆಂಪ್ ಮೂಲೆಯಲ್ಲಿ ಮುಚ್ಚಿ ಕೂತಿತ್ತು.

ಈ ಪೊರೆ ವಿದ್ಯುತ್ತನ್ನು ಸರಿಯಾಗಿ ಬಿಡುವುದಿಲ್ಲ. ದೊಡ್ಡ ವೋಲ್ಟೇಜ್ ಬಂದರೆ ಅದು ಹರಿದು ದಾರಿಯಾಗುತ್ತದೆ. ಅದಕ್ಕೇ ಮನೆಯ ದೀಪದ ಸ್ವಿಚ್ಚಿಗೆ 230 ವೋಲ್ಟಿನಲ್ಲಿ ಇದು ತೊಂದರೆಯೇ ಅಲ್ಲ. ಆದರೆ ಗಿಟಾರಿನ ಸಂಕೇತ ಮಿಲಿವೋಲ್ಟುಗಳಲ್ಲಿ ಹುಟ್ಟುತ್ತದೆ. ಒಂದೆರಡು ವಾಲ್ವ್ ದಾಟಿ ಬಂದ ಮೇಲೂ, ಮೆತ್ತಗೆ ಬಾರಿಸಿದರೆ, ಪೊರೆ ಹರಿಯುವಷ್ಟು ಬಲ ಅದಕ್ಕಿರುವುದಿಲ್ಲ. ಜೋರಾಗಿ ಹೊಡೆದಾಗ ಆ ಒಂದು ಕ್ಷಣ ವೋಲ್ಟೇಜ್ ಏರುತ್ತದೆ, ಪೊರೆ ತೂತಾಗುತ್ತದೆ. ಜೊತೆಗೆ ಸ್ಪೀಕರಿನ ಅದುರಿಗೆ ಪಟ್ಟಿಯೂ ಒಂಚೂರು ಜಾರುತ್ತದೆ. ಆವಾಜ ಮರಳುತ್ತದೆ. ಮುಂದೆ ಅದೇ ಅದುರು ಪಟ್ಟಿಯನ್ನು ಬೇರೆ ಜಾಗಕ್ಕೆ ಸರಿಸಿದರೆ ಮತ್ತೆ ಪೊರೆಯೇ ಗತಿ.

ಪೂರ್ತಿ ನಿಲ್ಲದೆ ಬರೀ ಸಣ್ಣದಾಗುವುದಕ್ಕೂ ಇದೇ ಕಾರಣ. ಪೊರೆಯ ರೋಧ 900 ಕಿಲೋ ಓಮ್, ಮುಂದಿನ ಹಂತದ್ದು 100 ಕಿಲೋ ಓಮ್ ಎಂದಿಟ್ಟುಕೊಳ್ಳಿ. ವೋಲ್ಟೇಜಿನ ಹತ್ತನೇ ಒಂದು ಪಾಲು ಮಾತ್ರ ಮುಂದೆ ಹೋಗುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ನೂರನೇ ಒಂದು ಪಾಲು. ಇನ್ನು, ನಡುವೆ ಪೊರೆ ಇರುವ ಎರಡು ಪಟ್ಟಿಗಳೆಂದರೆ ಒಂದು ಪುಟ್ಟ ಕೆಪಾಸಿಟರ್ ತಾನೇ? ಕೆಪಾಸಿಟರ್ ತಾರ ಸ್ವರಗಳನ್ನು ಸುಲಭವಾಗಿ ಬಿಡುತ್ತದೆ, ಮಂದ್ರವನ್ನು ತಡೆಯುತ್ತದೆ. ತೆಳ್ಳಗೆ ಕೇಳಿದ್ದು ಅದಕ್ಕೇ.

ಹಾಗಾದರೆ ಆ ಪಟ್ಟಿ ಎಲ್ಲಿದೆ? ಇಂಥ ಬಹಳಷ್ಟು ಆಂಪುಗಳ ಹಿಂದೆ ಸೆಂಡ್, ರಿಟರ್ನ್ ಎಂಬ ಎರಡು ಜಾಕ್ ಇರುತ್ತವೆ. ಎಕೋ ಮುಂತಾದ ಪೆಡಲ್‌ಗಳನ್ನು, ಅಂದರೆ ಸದ್ದಿನ ಬಗೆ ಬದಲಿಸುವ ಪುಟ್ಟ ಪೆಟ್ಟಿಗೆಗಳನ್ನು, ನಡುವೆ ಸೇರಿಸಲು. ಏನನ್ನೂ ಸಿಕ್ಕಿಸದಿದ್ದಾಗ ರಿಟರ್ನ್ ಜಾಕಿನೊಳಗಿನ ಸ್ಪ್ರಿಂಗ್ ಪಟ್ಟಿ ಇನ್ನೊಂದು ಪಟ್ಟಿಗೆ ಒರಗಿ ದಾರಿ ಮುಚ್ಚುತ್ತದೆ. ಇಡೀ ಸಂಗೀತ ಆ ಒಂದು ಒರಗುವಿಕೆಯ ಮೂಲಕ ಹೋಗಬೇಕು. ನಮ್ಮ ಹುಡುಗ ಆ ಜಾಕುಗಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ದಿನಾ ಬಳಸುವ ಜಾಕಿನಲ್ಲಿ ಪ್ಲಗ್ ಹೋಗಿ ಬಂದು ಪಟ್ಟಿಗಳು ಉಜ್ಜಿಕೊಂಡು ಸ್ವಚ್ಛವಾಗುತ್ತವೆ. ಕೆಡುವುದು ಬಳಸದೇ ಬಿಟ್ಟದ್ದೇ.

"ತಮ್ಮಾ, ಒಂದು ಸಣ್ಣ ಗಿಟಾರ್ ಕೇಬಲ್ ತಗೊ. ಒಂದು ತುದಿ ಸೆಂಡಿಗೆ, ಇನ್ನೊಂದು ರಿಟರ್ನಿಗೆ ಸಿಕ್ಕಿಸು. ನಾಕ್ ದಿನ ಬಾರಿಸಿ ಹೇಳು" ಎಂದೆ. ಕೇಬಲ್ ಹಾಕಿದಾಗ ಸಂಕೇತ ಆ ಹಳೆಯ ಪಟ್ಟಿಯನ್ನು ಬಿಟ್ಟು ಹೊಸ ದಾರಿ ಹಿಡಿಯುತ್ತದೆ. ದೋಷ ಹೋದರೆ ಅಲ್ಲೇ ಇದೆ ಎಂದರ್ಥ. ಹೋಗದಿದ್ದರೂ ನಷ್ಟವಿಲ್ಲ. ಗಿಟಾರನ್ನು ನೇರ ರಿಟರ್ನಿಗೆ ಸಿಕ್ಕಿಸಿ ನೋಡಿದರೆ ದೋಷ ರಿಟರ್ನಿಗಿಂತ ಮೊದಲಿನ ಅರ್ಧದಲ್ಲೋ ನಂತರದ ಅರ್ಧದಲ್ಲೋ ತಿಳಿಯುತ್ತದೆ. ಆವಾಜ ಸಣ್ಣದಿರುತ್ತದೆ, ಆದರೆ ಏರಿಳಿತ ಗೊತ್ತಾಗುತ್ತದೆ. ವಾಲ್ವ್ ಸಾಕೆಟ್ಟಿನ ಸಡಿಲ ಪಿನ್, ಬಿಸಿಗೆ ಹಿಗ್ಗಿ ಬಿರುಕು ಬಿಟ್ಟ ಬೆಸುಗೆ, ಸ್ಪೀಕರಿನ ಹೆಣೆದ ತಂತಿ, ಇವೂ ಇಂಥದ್ದೇ ಆಟ ಆಡುತ್ತವೆ. ಬೆಸುಗೆಯದ್ದಾದರೆ ಸಾಮಾನ್ಯವಾಗಿ ಆಂಪ್ ಅರ್ಧ ಗಂಟೆ ಕಾದ ಮೇಲೆ ಶುರು.

ಪೆಟ್ಟಿಗೆ ಮಾತ್ರ ಬಿಚ್ಚಬೇಡ ಎಂದು ಗಟ್ಟಿಯಾಗಿ ಹೇಳಿದೆ. ಒಳಗೆ 400 ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಜೀವ ಹೋಗುತ್ತದೆ. ಬಲ್ಲವರೇ ಬಿಚ್ಚಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಚಾಲೂ ಮಾಡುವುದೂ ತಪ್ಪು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಐದನೆಯ ದಿನ ಫೋನ್ ಬಂತು. "ಒಂದ್ ಸಲಾನೂ ಇಳದಿಲ್ರಿ ಕಾಕಾ." ಆಂಪ್ ಆಫ್ ಮಾಡಿ, ಪ್ಲಗ್ಗಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಇಪ್ಪತ್ತು ಸಲ ಹಾಕಿ ತೆಗೆದ. ಒಣಗಲು ಬಿಟ್ಟ. ಈಗ ಕೇಬಲ್ ಇಲ್ಲದೆಯೂ ಆವಾಜ ನಿಂತಿದೆ. ಬದಲಿಸಿದ್ದ 12ಎಎಕ್ಸ್7 ವಾಲ್ವುಗಳನ್ನು ತೆಗೆದು ಹಳೆಯವನ್ನೇ ಹಾಕಿದ್ದಾನೆ. ಅವು ಚೆನ್ನಾಗಿಯೇ ಇದ್ದವು.