‘45 ದಿನದ ಮರಿ’ಯ ನಿಜವಾದ ವಯಸ್ಸು

ಪೆಟ್ ಶಾಪಿನಿಂದ ತಂದ ನಾಯಿಮರಿ ಮೊದಲ ಸಲ ಕ್ಲಿನಿಕ್ಕಿಗೆ ಬಂದಾಗ ನಾನು ತೂಕಕ್ಕಿಂತ ಮೊದಲು ಹಲ್ಲು ನೋಡುತ್ತೇನೆ. ಮರಿಗೆ ಹಾಲುಹಲ್ಲು ಮೂಡಲು ಶುರುವಾಗುವುದು ಸುಮಾರು ಮೂರು ವಾರಕ್ಕೆ. ಎಂಟು ವಾರದ ಹೊತ್ತಿಗೆ 28 ಹಲ್ಲೂ ಬಂದಿರುತ್ತವೆ. ಅಂಗಡಿಯವರು ಕೊಟ್ಟ ಕಾರ್ಡಿನಲ್ಲಿ ‘45 ದಿನ’ ಎಂದು ಬರೆದಿರುತ್ತದೆ. ಬಾಯಿ ತೆರೆದರೆ ಮುಂದಿನ ಹಲ್ಲು ಈಗಷ್ಟೇ ಒಸಡಿನಿಂದ ಇಣುಕುತ್ತಿರುತ್ತವೆ, ದವಡೆ ಹಲ್ಲಿನ ಸುಳಿವೇ ಇರುವುದಿಲ್ಲ. ಮರಿಗೆ ತಿಂಗಳು ತುಂಬಿದೆಯೋ ಇಲ್ಲವೋ ಎಂದೇ ಅನುಮಾನ.

ತಮಾಷೆ ಏನೆಂದರೆ, ಕಾರ್ಡಿನಲ್ಲಿ ಬರೆದದ್ದು ನಿಜವೇ ಆಗಿದ್ದರೂ ಆ ಮಾರಾಟ ತಪ್ಪು. 45 ದಿನ ಅನ್ನುವುದು ವ್ಯಾಪಾರದ ಲೆಕ್ಕ. ಕಾನೂನಿನ ಲೆಕ್ಕ ಎಂಟು ವಾರ, ಅಂದರೆ 56 ದಿನ. ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳೂ 2018ರ ಪೆಟ್ ಶಾಪ್ ನಿಯಮಗಳೂ ಇದನ್ನೇ ಹೇಳುತ್ತವೆ. ಆದರೆ ಎಂಟು ವಾರ ಕಾಯುವುದಕ್ಕೆ ಖರ್ಚಿದೆ. ಮರಿ ಬೆಳೆದಷ್ಟೂ ಊಟ ಜಾಸ್ತಿ, ಮುದ್ದು ಕಡಿಮೆ. ಅಂಗೈಯಲ್ಲಿ ಹಿಡಿಸುವ ಮರಿ ಬೇಗ ಮಾರಾಟವಾಗುತ್ತದೆ. ಕೆಲವೊಮ್ಮೆ ಅದೇ ಚಿಕ್ಕ ಗಾತ್ರವನ್ನು ‘ಟಾಯ್ ಪಾಮ್’ (ಪುಟ್ಟ ಜಾತಿಯ ಪಾಮರೇನಿಯನ್) ಎಂದು ಇನ್ನೂ ದುಬಾರಿ ಬೆಲೆಗೆ ಕೊಡುತ್ತಾರೆ. ಆರು ತಿಂಗಳ ಮೇಲೆ ಅದು ಮಾಮೂಲಿ ಗಾತ್ರಕ್ಕೇ ಬೆಳೆದು ನಿಲ್ಲುತ್ತದೆ. ಅಷ್ಟು ಚಿಕ್ಕದಾಗಿ ಕಂಡದ್ದು ಅದು ಎಳೆಯದಾಗಿದ್ದರಿಂದ, ಅಷ್ಟೇ.

ಎರಡು ಮೂರು ವಾರದ ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳುವವರಿದ್ದಾರೆ. ಕೆಡಿಸಿಕೊಳ್ಳಲೇಬೇಕು. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಸಿಕ್ಕಿರುತ್ತದೆ. ಅದು ವಾರ ವಾರ ಇಳಿಯುತ್ತಾ ಹೋಗುತ್ತದೆ. ಅದು ಜೋರಾಗಿರುವಾಗ ಲಸಿಕೆ ಹಾಕಿದರೆ ತಾಯಿಯ ಆ್ಯಂಟಿಬಾಡಿಗಳೇ ಲಸಿಕೆಯನ್ನು ನಿಷ್ಕ್ರಿಯ ಮಾಡಿಬಿಡುತ್ತವೆ. ಹಾಗಾಗಿ ತಿಂಗಳ ಮರಿಗೆ ಚುಚ್ಚಿದ ಲಸಿಕೆ ಬಹುಪಾಲು ವ್ಯರ್ಥ. ಅದಕ್ಕೇ ನಾವು ಆರರಿಂದ ಎಂಟು ವಾರದೊಳಗೆ ಶುರು ಮಾಡಿ, 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗುವುದು. ‘ಇಂಜೆಕ್ಷನ್ ಆಗಿದೆ ಡಾಕ್ಟ್ರೇ’ ಎಂದು ಯಾರಾದರೂ ಕಾರ್ಡು ಮುಂದಿಟ್ಟರೆ ನಾನು ಸೀಸೆಯ ಸ್ಟಿಕರ್, ಬ್ಯಾಚ್ ನಂಬರ್, ಪಶುವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ ಹುಡುಕುತ್ತೇನೆ. ಬರೀ ದಿನಾಂಕ, ಗೀಚಿದ ಒಂದು ಗೆರೆ ಇದ್ದರೆ ಆ ಕಾರ್ಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡುತ್ತೇನೆ.

ತಾಯಿಯ ರಕ್ಷಣೆ ಇಳಿದು ಲಸಿಕೆಯ ರಕ್ಷಣೆ ಇನ್ನೂ ಬಾರದ ಒಂದು ನಡುಗಾಲ ಪ್ರತಿ ಮರಿಗೂ ಇದೆ. ಮನೆಯಲ್ಲಿ ತಾಯಿಯ ಪಕ್ಕ ಇದ್ದರೆ ಆ ಕಾಲ ಹೇಗೋ ದಾಟುತ್ತದೆ. ಅಂಗಡಿಯಲ್ಲಿ ನಾಲ್ಕು ಊರಿನ, ನಾಲ್ಕು ಬೇರೆ ಬೇರೆ ಸೂಲಿನ ಮರಿಗಳು ಒಂದೇ ಕೋಣೆಯಲ್ಲಿರುತ್ತವೆ. ಕೆಲವು ರಾತ್ರಿ ಬಸ್ಸಿನಲ್ಲಿ ರಟ್ಟಿನ ಡಬ್ಬಿಯೊಳಗೆ ಬಂದಿಳಿದವು. ಹಸಿವು, ಭಯ, ಸುಸ್ತು ಎಲ್ಲ ಸೇರಿರುತ್ತದೆ. ಒಂದಕ್ಕೆ ಪಾರ್ವೊ ಇದ್ದರೆ ಎಲ್ಲದಕ್ಕೂ ಅಪಾಯ.

ಪಾರ್ವೊ ವೈರಸ್ 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ಪ್ರಪಂಚವೆಲ್ಲ ಹರಡಿದ ಕಾಯಿಲೆ. ದೇಹದಲ್ಲಿ ವೇಗವಾಗಿ ಹುಟ್ಟುವ ಜೀವಕೋಶಗಳೇ ಇದರ ಗುರಿ. ಕರುಳಿನ ಒಳಪದರ ಕಿತ್ತುಹೋಗುತ್ತದೆ, ಮೂಳೆಮಜ್ಜೆಗೂ ಪೆಟ್ಟು ಬಿದ್ದು ಬಿಳಿ ರಕ್ತಕಣ ಕುಸಿಯುತ್ತದೆ. ವಾಂತಿ, ಆಮೇಲೆ ಕೆಟ್ಟ ವಾಸನೆಯ ರಕ್ತಭೇದಿ. ವೈರಸ್ ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಇದನ್ನು ಸ್ವಲ್ಪ ಯೋಚಿಸಿ. ಶನಿವಾರ ಅಂಗಡಿಯಲ್ಲಿ ಬಾಲ ಅಲ್ಲಾಡಿಸಿದ ಮರಿ ಬುಧವಾರ ಊಟ ಬಿಡುತ್ತದೆ. ‘ನಾವು ಕೊಟ್ಟಾಗ ಚೆನ್ನಾಗಿತ್ತು, ನೀವೇ ಏನೋ ತಿನ್ನಿಸಿದ್ದೀರಿ’ ಅನ್ನುತ್ತಾರೆ ಅಂಗಡಿಯವರು. ಮನೆಯವರು ಕೊಟ್ಟ ಹಾಲನ್ನೋ ಬಿಸ್ಕತ್ತನ್ನೋ ನೆನೆದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೇಗ ಡ್ರಿಪ್ ಹಾಕಿ ಸರಿಯಾಗಿ ನೋಡಿಕೊಂಡರೆ ತುಂಬಾ ಮರಿಗಳು ಉಳಿಯುತ್ತವೆ. ತಡವಾದರೆ ಕಷ್ಟ. ಚಿಕಿತ್ಸೆಯ ಬಿಲ್ಲು ಎಷ್ಟೋ ಸಲ ಮರಿಯ ಬೆಲೆಯನ್ನೇ ದಾಟುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಈ ವೈರಸ್ ಮನೆಯ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ಫಿನಾಯಿಲ್‌ಗೆ, ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಜಾಗವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಡಬೇಕು. ಅಂಗಡಿಯ ಪಂಜರಗಳನ್ನು ಯಾವುದರಿಂದ ತೊಳೆಯುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ‘ಫಿನಾಯಿಲ್ ಹಾಕಿ ಚೆನ್ನಾಗಿ ತೊಳೀತೀವಿ ಸಾರ್’ ಅಂದರೆ ಅಲ್ಲಿಂದ ಹೊರಟುಬಿಡಿ.

ನಾಯಿಗಳ ಇನ್ನೊಂದು ವೈರಸ್ ಕಾಯಿಲೆ ಡಿಸ್ಟೆಂಪರ್ ಇನ್ನೂ ಕಪಟಿ. ಮೊದಲು ಮಾಮೂಲಿ ನೆಗಡಿಯಂತೆ ಕಣ್ಣು ಮೂಗಲ್ಲಿ ಪಿಸುರು, ಕೆಮ್ಮು. ಅದು ವಾಸಿಯಾಯಿತು ಅಂದುಕೊಂಡ ಎಷ್ಟೋ ವಾರಗಳ ನಂತರ ದವಡೆ ಅದುರುವುದು, ಫಿಟ್ಸ್ ಬರುವುದು ಶುರುವಾಗಬಹುದು. ಆ ಹೊತ್ತಿಗೆ ಮಕ್ಕಳು ಮರಿಗೆ ಹೆಸರಿಟ್ಟು ಹಚ್ಚಿಕೊಂಡಿರುತ್ತಾರೆ.

ಮನುಷ್ಯರಿಗೂ ಅಪಾಯ ಇದೆ. ದುಂಡುಹುಳು ತಾಯಿಯ ಹೊಟ್ಟೆಯಲ್ಲೇ ಮರಿಗೆ ದಾಟುತ್ತದೆ, ಮಲದ ಮೂಲಕ ಮಕ್ಕಳಿಗೂ ಬರಬಹುದು. ಅಮೆರಿಕದಲ್ಲಿ 2016ರಿಂದ 2018ರ ನಡುವೆ ಪೆಟ್ ಶಾಪಿನ ಮರಿಗಳಿಂದ ನೂರಕ್ಕೂ ಹೆಚ್ಚು ಜನರಿಗೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಭೇದಿ ಬಂತು, ಅದೂ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿ. ನಮ್ಮಲ್ಲಿ ದೊಡ್ಡ ಚಿಂತೆ ರೇಬೀಸ್. ಆ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳಿಗೆ. ಅಂಗಡಿಯಲ್ಲಿ ಮಾರುವ ಎಳೆ ಮರಿಗೆ ಅದರ ರಕ್ಷಣೆ ಇರುವುದಿಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮರಿ ಕಚ್ಚಿದರೆ, ಪರಚಿ ರಕ್ತ ಬಂದರೆ, ‘ಸುಮ್ನೆ ಆಟಕ್ಕೆ ಕಚ್ತು’ ಎಂದು ಬಿಡಬೇಡಿ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಬೇಗ ಬೇರ್ಪಟ್ಟ ಮರಿಗಳ ನಡತೆಯ ಸಮಸ್ಯೆಯೂ ಸಣ್ಣದಲ್ಲ. ಎಷ್ಟು ಜೋರಾಗಿ ಕಚ್ಚಬಾರದು ಎಂದು ಮರಿ ಕಲಿಯುವುದೇ ಒಡಹುಟ್ಟಿದವುಗಳ ಜತೆ ಆಡುವಾಗ.

ಹಾಗಾದರೆ ಮರಿ ತರುವುದು ಹೇಗೆ? ತಾಯಿಯನ್ನು ನೋಡದೆ ಮರಿ ತರಬೇಡಿ. ನನ್ನ ಸಲಹೆ ಇಷ್ಟೇ ಅಂತ ಅಂದುಕೊಂಡರೂ ಪರವಾಗಿಲ್ಲ. ತಾಯಿ ಇರುವ ಜಾಗ, ಅದರ ಮೈಕಟ್ಟು, ಅದು ಮನುಷ್ಯರ ಹತ್ತಿರ ಬರುವ ರೀತಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಸಂತಾನ ಮಾಡಿಸಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದು ದಾಟಬಾರದು ಎಂದು 2017ರ ನಿಯಮ ಹೇಳುತ್ತದೆ. ಅಂಗಡಿಯ ಗಾಜಿನ ಪೆಟ್ಟಿಗೆ ಮುಂದೆ ನಿಂತು ಇದನ್ನೆಲ್ಲ ಪರೀಕ್ಷಿಸಲು ಆಗಲ್ಲ, ಅಲ್ವಾ? ಕೆನಲ್ ಕ್ಲಬ್ ಪೇಪರ್ ಇದೆ ಅಂದರೆ ಅದು ವಂಶಾವಳಿಯ ದಾಖಲೆ, ಆರೋಗ್ಯಕ್ಕೆ ಗ್ಯಾರಂಟಿ ಅಲ್ಲ. ‘ಮನೆ ಬ್ರೀಡರ್’ ಎಂದು ಹೇಳಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಮರಿ ಕೈಗಿಡುವವರೂ ಅದೇ ವ್ಯಾಪಾರದವರು.

ಬೀದಿ ಮರಿ ದತ್ತು ತೆಗೆದುಕೊಂಡರೂ ಪಾರ್ವೊ ಬರಬಹುದು, ಅದನ್ನು ಮುಚ್ಚಿಡಲ್ಲ. ಆದರೆ ಅಲ್ಲಿ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ.

ಪಂಜರದಲ್ಲಿ ಮಂಕಾಗಿ ಕೂತ ಮರಿ ನೋಡಿ ‘ಅಯ್ಯೋ ಪಾಪ’ ಎಂದು ಕೊಳ್ಳುವವರು ನನಗೆ ಅರ್ಥವಾಗುತ್ತಾರೆ. ಆದರೆ ನೀವು ದುಡ್ಡು ಕೊಟ್ಟ ವಾರದೊಳಗೆ ಆ ಪಂಜರಕ್ಕೆ ಇನ್ನೊಂದು ಮರಿ ಬರುತ್ತದೆ. ಅದರ ಬದಲು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ ದೂರು ಕೊಡಿ. ಅಂಗಡಿಗೂ ಬ್ರೀಡರ್‌ಗೂ ಮಂಡಳಿಯ ನೋಂದಣಿ ಕಡ್ಡಾಯ.

ಈಗಾಗಲೇ ತಂದಾಗಿದ್ದರೆ ಅದೇ ದಿನ ಅಥವಾ ಮಾರನೇ ದಿನ ವೈದ್ಯರಿಗೆ ತೋರಿಸಿ, ಮಲ ಪರೀಕ್ಷೆ ಮಾಡಿಸಿ, ಮನೆಯ ಬೇರೆ ನಾಯಿಗಳಿಂದ ಎರಡು ವಾರ ದೂರ ಇಡಿ. ಮರಿಯ ವಯಸ್ಸನ್ನು ವೈದ್ಯರಿಂದ ಬರೆಸಿಕೊಳ್ಳಿ. ಅಂಗಡಿಯ ಬಿಲ್ಲು, ಕಾರ್ಡು, ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಗ್ರಾಹಕ ಆಯೋಗಕ್ಕೆ ಹೋಗುವ ಪರಿಸ್ಥಿತಿ ಬಂದರೆ ಇವೇ ಸಾಕ್ಷಿ. ‘ಕ್ಯಾಶ್ ಕೊಟ್ಟರೆ ಎರಡು ಸಾವಿರ ಕಮ್ಮಿ’ ಎಂದು ಬಿಲ್ಲಿಲ್ಲದೆ ಕೊಳ್ಳುವವರೇ ಜಾಸ್ತಿ.